ತುಮಕೂರಿನಲ್ಲಿ ಎಎ ಮೀಟಿಂಗ್: ಒಂದಕ್ಕೆ ಹೋದೆ, ಹೊಂದಲಿಲ್ಲ. ಸರಿಯಾದದ್ದು ಹುಡುಕೋದು ಹೇಗೆ?

ಬಟವಾಡಿ_ಅಂಗಡಿ
ಎಲ್ಲರಿಗೂ ನಮಸ್ಕಾರ. ಹೆಸರು ಬೇಡ. ಊರು ತುಮಕೂರು, ಹಾರ್ಡ್‌ವೇರ್ ಅಂಗಡಿ ಇದೆ, ವಯಸ್ಸು ನಲವತ್ತರ ಹತ್ತಿರ. ಕುಡಿತ ಬಿಡಬೇಕು. ಮೊದಲು ರಾತ್ರಿ ಮಾತ್ರ ಇತ್ತು. ಈಗ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಒಂದು ನೈಂಟಿ ಬೇಕಾಗುತ್ತದೆ. ಲಿವರ್ ರಿಪೋರ್ಟ್ ನೋಡಿದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಜೊತೆಗೆ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಅನ್ನುವವರೇ ಸೇರಿ ನಡೆಸುವ ಗುಂಪು) ಮೀಟಿಂಗ್‌ಗೂ ಹೋಗಿ ಅಂದರು.

ಹೋದೆ. ಅಲ್ಲಿದ್ದವರು ಹೆಚ್ಚಿನವರು ರಿಟೈರ್ ಆದವರು. ಒಬ್ಬರೇ ಮಾತಾಡಿದ್ದೇ ಮಾತಾಡಿದ್ದು. ದೇವರ ವಿಷಯ ಜಾಸ್ತಿ ಅನ್ನಿಸಿತು. ಸಾಲದ್ದಕ್ಕೆ ನಮ್ಮ ಮಾವನವರ ಜೊತೆ ಕೆಲಸ ಮಾಡಿದ್ದ ಒಬ್ಬರು ಅಲ್ಲೇ ಕೂತಿದ್ದರು, ನನ್ನನ್ನು ನೋಡಿ ನಕ್ಕರು. ಚಹಾನೂ ಕುಡಿಯದೆ ಎದ್ದು ಬಂದೆ.

ನನಗೆ ಬೇಕಾದದ್ದು ಇಷ್ಟೇ: ಕನ್ನಡದಲ್ಲಿ ನಡೆಯಬೇಕು, ಅಂಗಡಿ ಮುಚ್ಚಿದ ಮೇಲೆ ಇರಬೇಕು, ಗುರುತಿನವರು ಇರಬಾರದು. ಹೆಂಡತಿ ನಾನೂ ಬರುತ್ತೇನೆ ಅನ್ನುತ್ತಿದ್ದಾಳೆ, ಬರಬಹುದಾ? ಬೆಂಗಳೂರಿಗೆ ಹೋಗಿಬರುವುದು ವಾಸಿನಾ, ಇಲ್ಲೇ ಇನ್ನೊಂದು ಹುಡುಕಲಾ?

ಗುಬ್ಬಿ_ಗೂಗ್ಲಿ
ನಕ್ಕವರೂ ಕುಡಿತ ಬಿಡೋಕೇ ಅಲ್ಲಿಗೆ ಬಂದಿರೋದು ಅಲ್ವಾ ಅಣ್ಣ? ಅವರ ಗುಟ್ಟು ನಿಮ್ಮ ಹತ್ತಿರ, ನಿಮ್ಮ ಗುಟ್ಟು ಅವರ ಹತ್ತಿರ. ಲೆಕ್ಕ ಚುಕ್ತಾ.

ಕೆರೆ_ಏರಿ_ಕುಣಿಗಲ್
ನಾನು ಬಿಟ್ಟು ವರ್ಷಗಳಾದವು, ಈಗಲೂ ಹೋಗುತ್ತೇನೆ. ನೀವು ಹೇಳಿದ್ದು ನೋಡಿದರೆ ಸ್ಪೀಕರ್ ಮೀಟಿಂಗ್‌ಗೆ ಹೋಗಿದ್ದೀರಿ ಅನ್ನಿಸುತ್ತದೆ. ಅಲ್ಲಿ ಒಬ್ಬರೇ ತಮ್ಮ ಕಥೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಡಿಸ್ಕಷನ್ ಮೀಟಿಂಗ್ ಹಾಗಲ್ಲ, ಸುತ್ತ ಕೂತವರು ಒಬ್ಬೊಬ್ಬರಾಗಿ ಎರಡು ನಿಮಿಷ, ಐದು ನಿಮಿಷ ಮಾತಾಡುತ್ತಾರೆ. ಇಷ್ಟ ಇಲ್ಲದಿದ್ದರೆ 'ಇವತ್ತು ಕೇಳುತ್ತೇನೆ' ಅಂದರೆ ಸಾಕು, ಯಾರೂ ಬಲವಂತ ಮಾಡಲ್ಲ. ಸ್ಟೆಪ್ ಮೀಟಿಂಗ್ ಅಂತ ಇನ್ನೊಂದು, ಕುಡಿತ ಬಿಟ್ಟು ಬದುಕೋಕೆ ಎಎ ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ಒಂದನ್ನು ಹಿಡಿದು ಮಾತಾಡುತ್ತಾರೆ. ಹೊಸಬರಿಗೆ ಮೊದಲು ಡಿಸ್ಕಷನ್ ಒಳ್ಳೆಯದು.

ಹೆಂಡತಿಯವರ ವಿಷಯ: ಓಪನ್ ಮೀಟಿಂಗ್‌ಗೆ ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್ ಅಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಫೋನಿನಲ್ಲಿ ಕೇಳುವಾಗ ಮೊದಲು ಇದನ್ನು ಕೇಳಿ, ಆಮೇಲೆ ಭಾಷೆ, ಆಮೇಲೆ ಟೈಮು.

ಪ್ರತಿ ಗುಂಪೂ ತನ್ನ ವ್ಯವಹಾರ ತಾನೇ ನೋಡಿಕೊಳ್ಳುತ್ತದೆ. ಹಾಗಾಗಿ ಒಂದರ ಹಾಗೆ ಇನ್ನೊಂದಿಲ್ಲ. ಒಂದಕ್ಕೆ ಹೋಗಿ ಎಎ ನನಗಾಗಲ್ಲ ಅನ್ನಬೇಡಿ. ಇನ್ನೊಂದು ಮಾತು, ಚಹಾ ಕುಡಿಯದೆ ಬಂದದ್ದೇ ನಷ್ಟ. ನಿಜವಾದ ಮಾತು ಆಗೋದು ಮೀಟಿಂಗ್ ಮುಗಿದ ಮೇಲೆ.

ಶಿರಾ_ಬೈಪಾಸ್
ಇಷ್ಟೆಲ್ಲ ಯಾಕೆ ಸ್ವಾಮಿ? ಮನಸ್ಸು ಗಟ್ಟಿ ಇದ್ದರೆ ಸಾಕು. ನಮ್ಮ ದೊಡ್ಡಪ್ಪ ಶಬರಿಮಲೆಗೆ ಮಾಲೆ ಹಾಕಿದರು, ಅವತ್ತೇ ಬಿಟ್ಟರು. ಒಂದು ಮೀಟಿಂಗೂ ಇಲ್ಲ, ಮಾತ್ರೆನೂ ಇಲ್ಲ.

ಗುಬ್ಬಿ_ಗೂಗ್ಲಿ
ಮಾಲೆ ತೆಗೆದ ಮೇಲೆ?

ಶಿರಾ_ಬೈಪಾಸ್
ಅದು ಬೇರೆ ವಿಷಯ.

ನೈಟ್_ಡ್ಯೂಟಿ_ಸಿಸ್ಟರ್
ನಗು ಬಂತು, ಆದರೆ ಇದು ನಗುವ ವಿಷಯ ಅಲ್ಲ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಬೆಳಗ್ಗೆ ಎದ್ದ ತಕ್ಷಣ ಕುಡಿಯಲೇಬೇಕು ಅನ್ನುವ ಹಂತಕ್ಕೆ ಬಂದವರು ಡಾಕ್ಟರಿಗೆ ಹೇಳದೆ ಏಕಾಏಕಿ ನಿಲ್ಲಿಸಬಾರದು. ಕೊನೆಯ ಗ್ಲಾಸ್ ಆದ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ಎದೆಬಡಿತ ಶುರುವಾಗುತ್ತದೆ. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಗೋಡೆ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾರೆ, ಮನೆಯವರ ಗುರುತೇ ಹಿಡಿಯಲ್ಲ. ಮನೆಯವರು ದೆವ್ವ ಹಿಡಿದಿದೆ ಅಂತ ಮಂತ್ರ ಹಾಕಿಸಿಕೊಂಡು, ತಾಯತ ಕಟ್ಟಿಸಿಕೊಂಡು, ತಡವಾಗಿ ಕರೆದುಕೊಂಡು ಬರುತ್ತಾರೆ. ಇದರಲ್ಲಿ ಜೀವ ಹೋಗುತ್ತದೆ.

ಇನ್ನೊಂದು. 'ಸುಸ್ತಾಗಿದೆ, ಒಂದು ಬಾಟಲ್ ಗ್ಲೂಕೋಸ್ ಹಾಕಿ' ಅಂತ ಕ್ಲಿನಿಕ್‌ಗೆ ಬರುವವರು ಬಹಳ. ವರ್ಷಗಟ್ಟಲೆ ಕುಡಿದವರಲ್ಲಿ ವಿಟಮಿನ್ ಬಿ1, ಅಂದರೆ ಥಯಾಮಿನ್, ಖಾಲಿಯಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ಡ್ರಿಪ್ ಹಾಕುವ ಮೊದಲು 'ನಾನು ದಿನಾ ಕುಡಿಯುತ್ತೇನೆ' ಅಂತ ಬಾಯಿಬಿಟ್ಟು ಹೇಳಿ. ನಾಚಿಕೆ ಆಮೇಲೆ.

ಮೀಟಿಂಗ್ ಬೇಡ ಅನ್ನುತ್ತಿಲ್ಲ. ಮೈಗೆ ಡಾಕ್ಟರು, ಮನಸ್ಸಿಗೆ ಮೀಟಿಂಗು. ಎರಡೂ ಇರಲಿ.

ಬಟವಾಡಿ_ಅಂಗಡಿ
ಸಿಸ್ಟರ್, ಡಾಕ್ಟರು ಬಿ1 ಕೊಟ್ಟಿದ್ದಾರೆ, ನಡುಕಕ್ಕೂ ಮಾತ್ರೆ ಇದೆ, ದಿನದಿನಕ್ಕೆ ಕಡಿಮೆ ಮಾಡಿಕೊಂಡು ಹೋಗಬೇಕು ಅಂದಿದ್ದಾರೆ. ಥ್ಯಾಂಕ್ಸ್.

ಕುಣಿಗಲ್ ಅಣ್ಣ, ಫೀಸ್ ಎಷ್ಟು? ಅವತ್ತು ಒಂದು ಚೀಲ ಬಂತು, ನಾನು ಐನೂರು ಹಾಕಿದೆ. ಪಕ್ಕದವರು ನನ್ನನ್ನೇ ನೋಡಿದರು.

ಕೆರೆ_ಏರಿ_ಕುಣಿಗಲ್
ಫೀಸ್ ಇಲ್ಲ, ಸದಸ್ಯತ್ವ ಇಲ್ಲ, ಅರ್ಜಿ ಇಲ್ಲ, ಆಧಾರ್ ಕೇಳಲ್ಲ. ಕುಡಿತ ನಿಲ್ಲಿಸಬೇಕು ಅನ್ನುವ ಆಸೆ ಒಂದಿದ್ದರೆ ಸಾಕು, ಅಷ್ಟೇ ಅರ್ಹತೆ. ಆ ಚೀಲ ಬಾಡಿಗೆಗೆ, ಚಹಾಕ್ಕೆ. ಹತ್ತು ರೂಪಾಯಿ ಹಾಕುವವರಿದ್ದಾರೆ, ಹೊಸಬರು ಹಾಕದಿದ್ದರೂ ನಡೆಯುತ್ತದೆ. ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ, ಅದು ಅವರ ನಿಯಮ. ಎಎ ಹೆಸರಲ್ಲಿ ಯಾರಾದರೂ ರಸೀದಿ ಪುಸ್ತಕ ಹಿಡಿದು ಅಂಗಡಿಗೆ ಬಂದರೆ ಅದು ಎಎ ಅಲ್ಲ.

ಮಧುಗಿರಿ_ಬೆಟ್ಟ
ನನ್ನ ಅನುಮಾನ ಬೇರೆ. ಈ ಮೀಟಿಂಗ್‌ಗಳು ಚರ್ಚ್ ಕಾಂಪೌಂಡಿನ ಒಳಗೆ ಯಾಕೆ ನಡೆಯುತ್ತವೆ? ಕುಡಿತ ಬಿಡಿಸುವ ನೆಪದಲ್ಲಿ ಮತಾಂತರ ಅಂತ ನಮ್ಮ ಕಡೆ ಮಾತಾಡಿಕೊಳ್ಳುತ್ತಾರೆ.

ಕೆರೆ_ಏರಿ_ಕುಣಿಗಲ್
ಸಂಜೆ ಹೊತ್ತು, ಕಡಿಮೆ ಬಾಡಿಗೆಗೆ, ಕುಡುಕರ ಗುಂಪಿಗೆ ಕೋಣೆ ಕೊಡುವವರು ಯಾರಿದ್ದಾರೆ ಹೇಳಿ? ಚರ್ಚು, ಶಾಲೆ, ಕೆಲವು ಆಸ್ಪತ್ರೆ. ಕಲ್ಯಾಣ ಮಂಟಪದವರು ಕೊಡುತ್ತಾರಾ? ಗುಂಪು ಬಾಡಿಗೆ ಕಟ್ಟುತ್ತದೆ, ಮೀಟಿಂಗ್ ಮುಗಿಸಿ ಬೀಗ ಕೊಟ್ಟು ಬರುತ್ತದೆ. ಯಾವ ಧರ್ಮಕ್ಕೂ ಪಕ್ಷಕ್ಕೂ ಸೇರಿದ್ದಲ್ಲ. ನಾನು ಇಷ್ಟು ವರ್ಷ ಹೋಗಿಬಂದು ಈಗಲೂ ಎಡೆಯೂರು ಸಿದ್ಧಲಿಂಗೇಶ್ವರನ ಒಕ್ಕಲೇ.

ನಾಸ್ತಿಕ_ನಂದಿ
ಚಿಕ್ಕಬಳ್ಳಾಪುರದಿಂದ. ನಾನು ದೇವರನ್ನು ನಂಬಲ್ಲ, ಆದರೂ ಎಎಗೆ ಹೋಗುತ್ತೇನೆ. ಹಾಗಾಗಿ ಇದಕ್ಕೆ ಸ್ವಲ್ಪ ಉದ್ದವಾಗಿ ಉತ್ತರ ಕೊಡುತ್ತೇನೆ.

ಎಎ ಶುರುವಾದದ್ದು 1935ರಲ್ಲಿ, ಅಮೆರಿಕದ ಆಕ್ರನ್ ಊರಿನಲ್ಲಿ. ಒಬ್ಬ ಷೇರು ವ್ಯಾಪಾರದವನು, ಒಬ್ಬ ಡಾಕ್ಟರು, ಇಬ್ಬರೂ ಕುಡುಕರು. ಒಬ್ಬನಿಗೆ ಕುಡಿಯಬೇಕು ಅನ್ನಿಸಿದಾಗ ಇನ್ನೊಬ್ಬ ಕುಡುಕನ ಜೊತೆ ಮಾತಾಡಿದರೆ ಆ ಹೊತ್ತು ದಾಟುತ್ತದೆ ಅಂತ ಗೊತ್ತಾಯಿತು. ಎಲ್ಲಾ ಅಲ್ಲಿಂದ ಬೆಳೆದದ್ದು. ನಮ್ಮ ದೇಶಕ್ಕೆ ಬಂದದ್ದು 1957ರಲ್ಲಿ, ಮುಂಬೈಗೆ. ಹೆಜ್ಜೆಗಳಲ್ಲಿ ದೇವರು ಇದ್ದಾನೆ, ಸುಳ್ಳು ಯಾಕೆ ಹೇಳಲಿ. ಆದರೆ 'ನಾವು ಅರಿತುಕೊಂಡ ಹಾಗಿನ ದೇವರು' ಅಂತ ಬರೆದಿದ್ದಾರೆ. ನನಗೆ ಆ ಕೋಣೆಯಲ್ಲಿ ಕೂತ ಜನರೇ ಸಾಕು. ಪ್ರಾರ್ಥನೆ ಹೇಳುವಾಗ ಸುಮ್ಮನೆ ನಿಂತಿರುತ್ತೇನೆ, ಯಾರೂ ಏನೂ ಅಂದಿಲ್ಲ.

ಇದರಿಂದ ಉಪಯೋಗ ಇದೆಯಾ ಅಂತ 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯವರು 27 ಅಧ್ಯಯನಗಳನ್ನು ಸೇರಿಸಿ ನೋಡಿದರು, ಹತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ. ಎಎಗೆ ಹೋಗುವಂತೆ ಕ್ರಮವಾಗಿ ಜೊತೆಗಿದ್ದು ದಾರಿ ತೋರಿಸಿದ ಚಿಕಿತ್ಸೆಯಲ್ಲಿ ಪೂರ್ತಿ ಕುಡಿಯದೆ ಉಳಿದವರ ಪ್ರಮಾಣ ಬೇರೆ ಮನೋಚಿಕಿತ್ಸೆಗಳಿಗಿಂತ ಜಾಸ್ತಿಯೇ ಇತ್ತು. ಸುಮ್ನೆ ವಿಳಾಸ ಬರೆದುಕೊಟ್ಟರೆ ಆ ಫಲ ಬರುತ್ತದೆ ಅಂತ ಅರ್ಥ ಅಲ್ಲ. ಯಾರಾದರೂ ಕೈ ಹಿಡಿದು ಕರೆದುಕೊಂಡು ಹೋಗಬೇಕು.

ಅದೂ ಬೇಡ ಅನ್ನುವವರಿಗೆ ಸ್ಮಾರ್ಟ್ ರಿಕವರಿ ಅಂತ ದೇವರಿಲ್ಲದ ಪದ್ಧತಿ ಇದೆ. ಆನ್‌ಲೈನ್‌ನಲ್ಲಿ ಸಿಗುತ್ತದೆ. ಇಂಗ್ಲಿಷ್ ಬಂದರೆ ನೋಡಬಹುದು.

ಮಧುಗಿರಿ_ಬೆಟ್ಟ
ಸರಿ ಒಪ್ಪಿದೆ. ಬೋರ್ಡ್ ಹಾಕಿದ್ದರೆ ಅನುಮಾನ ಬರುತ್ತಿರಲಿಲ್ಲ.

ಗುಬ್ಬಿ_ಗೂಗ್ಲಿ
ಬೋರ್ಡ್ ಹಾಕಿದ್ದರೆ ಜನ ಬರುತ್ತಿರಲಿಲ್ಲ 😄

ಪ್ಯಾಸೆಂಜರ್_ಪರಮೇಶಿ
ತುಮಕೂರು-ಬೆಂಗಳೂರು ದಿನಾ ಓಡಾಡುವವನು ನಾನು. ನನ್ನ ಸಲಹೆ: ಬೆಂಗಳೂರಿಗೇ ಹೋಗಿ. ಅಲ್ಲಿ ಯಾರು ಯಾರನ್ನು ಕೇಳುತ್ತಾರೆ? ಗುಂಪುಗಳೂ ಜಾಸ್ತಿ. ಕನ್ನಡ, ತಮಿಳು, ಇಂಗ್ಲಿಷ್ ಎಲ್ಲಾ ಇವೆ. ನಮ್ಮ ತುಮಕೂರಿನಲ್ಲಿ ಅಶೋಕ ರಸ್ತೆಯಲ್ಲಿ ಸೀನಿದರೆ ಕ್ಯಾತ್ಸಂದ್ರದಲ್ಲಿ 'ನೆಗಡಿನಾ' ಅಂತ ಕೇಳುತ್ತಾರೆ. ಯಶವಂತಪುರದಲ್ಲಿ ಇಳಿದು ಮೀಟಿಂಗ್ ಮುಗಿಸಿ ರಾತ್ರಿ ಟ್ರೈನ್ ಹಿಡಿದರಾಯಿತು.

ಕೆರೆ_ಏರಿ_ಕುಣಿಗಲ್
ಪರಮೇಶಿ, ಇದು ಕೇಳೋಕೆ ಚೆಂದ. ಎಪ್ಪತ್ತು ಕಿಲೋಮೀಟರ್ ದೂರದ ಮೀಟಿಂಗ್‌ಗೆ ವಾರಕ್ಕೊಂದು ಸಲ ಹೋಗಬಹುದು. ಆದರೆ ಕುಡಿಯಬೇಕು ಅನ್ನಿಸೋದು ವಾರಕ್ಕೊಂದು ಸಲ ಅಲ್ಲ. ಶುರುವಿನ ಮೂರು ತಿಂಗಳು ದಿನಾ ಒಂದು ಮೀಟಿಂಗ್ ಅಂತ ಹಳಬರು ಹೇಳುತ್ತಾರೆ. ನಮ್ಮಂಥ ಊರಲ್ಲಿ ಅಷ್ಟು ಮೀಟಿಂಗೇ ಇರಲ್ಲ, ಸಿಕ್ಕಷ್ಟಕ್ಕೆ ಹೋಗಬೇಕು. ಸಂಜೆ ಏಳಕ್ಕೆ ಶಟರ್ ಎಳೆದು, ಬಾರ್ ಕಡೆ ಕಾಲು ತಿರುಗುವ ಹೊತ್ತಿಗೆ ಬೈಕಲ್ಲಿ ಹತ್ತು ನಿಮಿಷಕ್ಕೆ ಸಿಗುವ ಮನುಷ್ಯ ಬೇಕು. ಅವನು ಬೆಂಗಳೂರಿನಲ್ಲಿದ್ದರೆ ಏನು ಬಂತು?

ಪ್ಯಾಸೆಂಜರ್_ಪರಮೇಶಿ
ಫೋನ್ ಇಲ್ವಾ?

ಕೆರೆ_ಏರಿ_ಕುಣಿಗಲ್
ಇದೆ. ಬಾರಿನಲ್ಲಿ ಕೂತವನು ಎತ್ತಲ್ಲ.

ಕೋಲಾರ_ಟೊಮೆಟೊ
ಎರಡೂ ಮಾಡಿ ಅಂತ ನನ್ನ ಓಟು. ನಾನು ಕೋಲಾರ ಮಂಡಿಯವನು. ನಮ್ಮ ಕೆಲಸದಲ್ಲಿ ರಾತ್ರಿ ಲೋಡು, ಬೆಳಗ್ಗೆ ಹರಾಜು, ಕೈಯಲ್ಲಿ ದುಡ್ಡು. ರೇಟ್ ಬಂದರೆ ಖುಷಿಗೆ, ಬರದಿದ್ದರೆ ದುಃಖಕ್ಕೆ. ನಾನು ಮೊದಲು ಬಿಟ್ಟದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರದಲ್ಲಿ. ಎಂಟು ದಿನ ಅಲ್ಲೇ ಇರಬೇಕು. ವ್ಯಾಯಾಮ, ಭಜನೆ, ಡಾಕ್ಟರು, ಮನೆಯವರನ್ನೂ ಕರೆಸಿ ಮಾತಾಡಿಸುತ್ತಾರೆ. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಅಂತ ಇರುತ್ತದೆ, ಆಮೇಲೂ ಸೇರುತ್ತಿರುತ್ತಾರೆ. ಹಳ್ಳಿ ಕಡೆಯವರಿಗೆ ಇದು ಹತ್ತಿರ ಅನ್ನಿಸುತ್ತದೆ.

ಆದರೆ ನಮ್ಮೂರಲ್ಲಿ ಸಮಿತಿಗೆ ಬರುವವರು ಬರಬರುತ್ತಾ ಕಡಿಮೆಯಾದರು. ಆಗ ಎಎ ಹಿಡಿದೆ. ನನ್ನ ಸ್ಪಾನ್ಸರ್, ಅಂದರೆ ಹೊಸಬರ ಜೊತೆಗಿದ್ದು ದಾರಿ ತೋರಿಸುವ ಹಳಬರು, ಲಾರಿ ಡ್ರೈವರ್. ನಾನು ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೂ ಅವರು ಎಚ್ಚರ ಇರುತ್ತಾರೆ. ಡ್ಯೂಟಿನೇ ಹಾಗೆ.

ಶಿರಾ_ಬೈಪಾಸ್
ಸರ್ಕಾರ ಬಾರ್ ಮುಚ್ಚಿಸಲಿ, ಎಲ್ಲಾ ಸರಿಹೋಗುತ್ತದೆ.

ಪಾವಗಡ_ಪಡಸಾಲೆ
2007ರಲ್ಲಿ ಸಾರಾಯಿ ನಿಲ್ಲಿಸಿದರಲ್ಲ ಸ್ವಾಮಿ. ಸಾರಾಯಿ ಪಾಕೆಟ್ ಹೋಯಿತು, ವಿಸ್ಕಿ ಪಾಕೆಟ್ ಬಂತು. 1995ರಲ್ಲಿ ಆಂಧ್ರದವರು ಪಾನನಿಷೇಧ ತಂದರು, ನಮ್ಮ ಪಾವಗಡದ ಸುತ್ತ ಮೂರು ಕಡೆ ಅವರೇ. ಸಂಜೆ ಆದರೆ ಗಡಿ ದಾಟಿ ಬರುವವರ ಜಾತ್ರೆ. ಎರಡು ವರ್ಷಕ್ಕೆ ಅವರೂ ಸಡಿಲಿಸಿದರು.

ಶಿರಾ_ಬೈಪಾಸ್
ಗುಜರಾತಲ್ಲಿ ನಡೆಯುತ್ತಿಲ್ವಾ?

ಮೇಲ್ವಿಚಾರಕ
ಪಾನನಿಷೇಧಕ್ಕೆ ಬೇರೆ ಎಳೆ ತೆಗೆಯಿರಿ. ಇನ್ನೊಂದು ವಿಷಯ: ಒಬ್ಬ ಸದಸ್ಯರ ಹೆಸರು, ಮೊಬೈಲ್ ನಂಬರ್ ಇದ್ದ ಉತ್ತರವನ್ನು ಅಳಿಸಿದ್ದೇನೆ. ಒಳ್ಳೆಯ ಮನಸ್ಸಿನಿಂದಲೇ ಹಾಕಿರಬಹುದು, ಆದರೂ ಇಲ್ಲಿ ಬೇಡ. ಎಎ ಇಂಡಿಯಾ ವೆಬ್‌ಸೈಟಿನಲ್ಲಿ ಹುಡುಕಿಕೊಳ್ಳಬಹುದು.

ಚಿಂತಾಮಣಿ_ಸೊಸೆ
ಕುಡಿಯುವವರ ಹೆಂಡತಿಯಾಗಿ ಹೇಳುತ್ತೇನೆ. ಬಟವಾಡಿ ಅಣ್ಣನ ಮನೆಯವರು ಓಪನ್ ಮೀಟಿಂಗ್‌ಗೆ ಒಂದೆರಡು ಸಲ ಬರಲಿ. ಆಮೇಲೆ ಅವರದ್ದೇ ಬೇರೆ ಜಾಗ ಬೇಕು. ಅಲ್-ಅನಾನ್ ಅಂತ ಮನೆಯವರಿಗಾಗಿಯೇ ಇದೆ, 1951ರಿಂದ ನಡೆಯುತ್ತಿದೆ. ನಾನು ಹೋಗೋದು ಆನ್‌ಲೈನ್ ಗುಂಪಿಗೆ. ಅತ್ತೆ ಸೀರಿಯಲ್ ನೋಡುವ ಹೊತ್ತಿಗೆ ಟೆರೇಸ್ ಮೇಲೆ ಇಯರ್‌ಫೋನ್ ಹಾಕಿಕೊಂಡು ಕೂರುತ್ತೇನೆ. ಗಂಡ ಕುಡಿದರೆ ಅವರ ಆಫೀಸಿಗೆ ಫೋನ್ ಮಾಡಿ 'ಜ್ವರ' ಅಂತ ಸುಳ್ಳು ಹೇಳುತ್ತಿದ್ದವಳು ನಾನೇ. ಅದನ್ನು ನಿಲ್ಲಿಸಿದ್ದು ಅಲ್ಲಿಗೆ ಹೋದ ಮೇಲೆ. ಮನೆಯಲ್ಲಿ ದೊಡ್ಡ ರಾದ್ಧಾಂತ ಆಯಿತು, ಆಗಲಿ.

ಅಕ್ಕತಂಗಿಯರಿಗೆ ಒಂದು ಮಾತು. 'ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ' ಅಂತ ಕುಡಿತ ಬಿಡಿಸುವ ಪುಡಿ, ಮಾತ್ರೆ ಮಾರುತ್ತಾರಲ್ಲ, ದಯವಿಟ್ಟು ಬೇಡ.

ನೈಟ್_ಡ್ಯೂಟಿ_ಸಿಸ್ಟರ್
ಇದಕ್ಕೆ ನೂರು ಲೈಕ್. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಹೊಟ್ಟೆಯಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗುತ್ತದೆ, ವಾಂತಿ, ಎದೆನೋವು, ಬಿಪಿ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರಿಗೆ ಪ್ರಾಣಕ್ಕೇ ಬರಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಉಳಿಯಬಹುದು. ತೆಗೆದುಕೊಳ್ಳುವವನಿಗೆ ಗೊತ್ತಿರಬೇಕು, ಅವನು ಒಪ್ಪಿರಬೇಕು, ಡಾಕ್ಟರು ಪರೀಕ್ಷೆ ಮಾಡಿರಬೇಕು. ಕುಡಿಯುವ ಆಸೆಯನ್ನೇ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ. ಅವನ್ನೂ ಡಾಕ್ಟರನ್ನೇ ಕೇಳಿ.

ಶಿಡ್ಲಘಟ್ಟ_ಗೂಡು
ಎಲ್ಲರೂ ಗಂಡಸರ ಬಗ್ಗೆಯೇ ಮಾತಾಡುತ್ತಿದ್ದೀರಿ. ಕುಡಿಯುವವಳು ನಾನು. ಗಂಡಸರೇ ತುಂಬಿರುವ ಕೋಣೆಗೆ ಹೋಗಿ ಕೂರೋಕೆ ಆಗಲ್ಲ. ಅದೂ ಶಿಡ್ಲಘಟ್ಟದಂಥ ಊರಲ್ಲಿ.

ಚಿಂತಾಮಣಿ_ಸೊಸೆ
ತಂಗಿ, ಹೆಂಗಸರಿಗೆ ಮಾತ್ರ ಇರುವ ಮೀಟಿಂಗ್‌ಗಳು ಆನ್‌ಲೈನ್‌ನಲ್ಲಿವೆ. ಕ್ಯಾಮೆರಾ ಆಫ್ ಇಟ್ಟುಕೊಳ್ಳಬಹುದು, ಹೆಸರು ಯಾವುದಾದರೂ ಹಾಕಬಹುದು. ಮೊದಲು ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿನೂ ಎತ್ತುತ್ತಾರೆ. ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446. ನನಗೂ ಇನ್‌ಬಾಕ್ಸ್‌ನಲ್ಲಿ ಬರೆಯಿರಿ.

ಶಿಡ್ಲಘಟ್ಟ_ಗೂಡು
ಬರೆದಿದ್ದೇನೆ ಅಕ್ಕ.

ತಿಪಟೂರು_ಕೊಬ್ಬರಿ
ಒಂದು ಎಚ್ಚರಿಕೆ ನನ್ನದೂ ಇರಲಿ. ನಮ್ಮ ತಮ್ಮನನ್ನು ಒಂದು 'ವ್ಯಸನಮುಕ್ತಿ ಕೇಂದ್ರ'ಕ್ಕೆ ಸೇರಿಸಿದ್ದೆವು. ಊರು, ಹೆಸರು ಹೇಳಲ್ಲ. ಮೂರು ತಿಂಗಳು ಫೋನ್ ಕೊಡಲಿಲ್ಲ, ಹೊಡೆಯುತ್ತಿದ್ದರಂತೆ. ಬಂದ ವಾರಕ್ಕೇ ಕುಡಿದ, ನಮ್ಮ ಮೇಲಿನ ಸಿಟ್ಟಿಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಇಂಥ ಕಡೆ ನೋಂದಣಿ ಇರಬೇಕು, ಹೊಡೆಯುವ ಹಾಗಿಲ್ಲ, ಮನೆಯವರ ಜೊತೆ ಮಾತಾಡುವ ಹಕ್ಕಿದೆ. ಸೇರಿಸುವ ಮೊದಲು ನೋಂದಣಿ ಪತ್ರ ಕೇಳಿ, ಡಾಕ್ಟರು ಯಾರು, ಯಾವಾಗ ಬರುತ್ತಾರೆ ಕೇಳಿ. ಗೇಟಿಗೆ ಬೀಗ ಹಾಕಿ ಮಾತಾಡಿಸುವ ಜಾಗ ಆದರೆ ಹಾಗೇ ವಾಪಸ್ ಬನ್ನಿ.

ಆಮೇಲೆ ಅವನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮನೋಚೈತನ್ಯ ಕಾರ್ಯಕ್ರಮ ಅಂತ ಮಂಗಳವಾರ ಮನೋವೈದ್ಯರು ಬರುತ್ತಾರೆ. ಅಲ್ಲಿಂದ ನಿಮ್ಹಾನ್ಸ್‌ಗೆ ಬರೆದುಕೊಟ್ಟರು, ಅಲ್ಲಿ ವ್ಯಸನಕ್ಕೇ ಬೇರೆ ವಿಭಾಗ ಇದೆ. ಬೈಗುಳ ಇಲ್ಲ, ಉಪದೇಶ ಇಲ್ಲ, ಮಾತಾಡಿಸಿದರು ಅಷ್ಟೇ. ಅವನಿಗೆ ಅದೇ ದೊಡ್ಡದಾಯಿತು.

ಬಟವಾಡಿ_ಅಂಗಡಿ
ಎಲ್ಲಾ ಓದಿದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಎರಡೆರಡು ಸಲ ಓದಿದೆ. ಅದೇ ಗುಂಪಿನ ಡಿಸ್ಕಷನ್ ಮೀಟಿಂಗ್ ಯಾವ ವಾರ ಅಂತ ಕೇಳಿಕೊಂಡಿದ್ದೇನೆ, ಹೋಗುತ್ತೇನೆ. ಭಾನುವಾರ ಅಂಗಡಿ ರಜೆ, ಬೆಂಗಳೂರಿನ ಒಂದು ಕನ್ನಡ ಮೀಟಿಂಗ್ ನೋಡಿಬರುತ್ತೇನೆ. ಪರಮೇಶಿ ಅವರೇ, ಭಾನುವಾರ ರಾತ್ರಿ ವಾಪಸ್ ಯಾವ ಟ್ರೈನ್ ಖಾಲಿ ಇರುತ್ತದೆ?

ಒಂದು ಭಯ ಮಾತ್ರ ಉಳಿದಿದೆ. ಯುಗಾದಿ ದಾಟಿತು ಅಂದರೆ ಹೊಸತೊಡಕು. ನಮ್ಮ ಮನೆಯಲ್ಲಿ ಅವತ್ತು ಇಪ್ಪತ್ತು ಜನ, ಬಾಡೂಟ, ಬಾವಮೈದಂದಿರು ಬಾಟಲ್ ಸಮೇತ ಬರುತ್ತಾರೆ. 'ಒಂದೇ ಒಂದು ತಗೋ ಬಾವ' ಅಂತ ಕೈಗೆ ಹಿಡಿಸುತ್ತಾರೆ. ಏನು ಹೇಳಲಿ?

ಪ್ಯಾಸೆಂಜರ್_ಪರಮೇಶಿ
ಭಾನುವಾರ ರಾತ್ರಿ ಯಾವುದೂ ಖಾಲಿ ಇರಲ್ಲ. ನಿಂತುಕೊಂಡು ಬನ್ನಿ.

ಗುಬ್ಬಿ_ಗೂಗ್ಲಿ
ಲಿವರ್ ರಿಪೋರ್ಟ್ ಲ್ಯಾಮಿನೇಷನ್ ಮಾಡಿಸಿ ಜೇಬಲ್ಲಿಟ್ಟುಕೊಳ್ಳಿ.

ಕೋಲಾರ_ಟೊಮೆಟೊ
'ಮಾತ್ರೆ ತಗೊಳ್ತಿದ್ದೀನಿ, ಕುಡಿದರೆ ಆಸ್ಪತ್ರೆಗೆ ನೀವೇ ಹೊತ್ತುಕೊಂಡು ಹೋಗಬೇಕು' ಅನ್ನಿ. ನಮ್ಮ ಕಡೆ ಇದು ಕೆಲಸ ಮಾಡುತ್ತದೆ. ಕೈಯಲ್ಲಿ ಯಾವಾಗಲೂ ಮಜ್ಜಿಗೆ ಲೋಟ ಇರಲಿ. ಖಾಲಿ ಕೈ ಕಂಡರೆ ತುಂಬಿಸೋರು ಬರುತ್ತಾರೆ.

ಕೆರೆ_ಏರಿ_ಕುಣಿಗಲ್
ಮೊದಲ ವರ್ಷ ಹೊಸತೊಡಕಿಗೆ ಮನೆಯಲ್ಲಿ ಇರಲೇಬೇಡಿ. ಊಟದ ಹೊತ್ತಿಗೆ ಬಂದು, ಉಂಡು, ಕೆಲಸ ಇದೆ ಅಂತ ಹೊರಡಿ. ನಮ್ಮ ಗುಂಪಿನವರು ಅವತ್ತು ಮಧ್ಯಾಹ್ನವೇ ಸೇರುತ್ತೇವೆ, ಎಲ್ಲರ ಮನೆಯಲ್ಲೂ ಅದೇ ಕಥೆ. ತುಮಕೂರಿನವರೂ ಬೈಕಲ್ಲಿ ಬರುತ್ತಾರೆ. ಮಟನ್ ಸಾರು ಇರುತ್ತದೆ.

ಶಿರಾ_ಬೈಪಾಸ್
ನಮ್ಮ ದೊಡ್ಡಪ್ಪನನ್ನು ಕರೆದುಕೊಂಡು ಬರಬಹುದಾ?

ಕೆರೆ_ಏರಿ_ಕುಣಿಗಲ್
ಬರಲಿ. ಅವರಿಗೇ ಬರಬೇಕು ಅನ್ನಿಸಿದ್ದರೆ ಮಾತ್ರ. ನೀವೂ ಜೊತೆಗೆ ಬನ್ನಿ, ಅವತ್ತಿನದು ಓಪನ್ ಮೀಟಿಂಗ್.